ಕೆಟ್ಟ ಗೇಮ್ ಬಾಯ್‌ನ ದುರಸ್ತಿ: ಹಳೆಯ ಯಂತ್ರದ ಬಿಡಿಭಾಗಗಳನ್ನು ಬಳಸುವ ಕ್ರಮ

ನಿಂಟೆಂಡೊ ಕಂಪನಿ 1989ರಲ್ಲಿ ಹೊರತಂದ ಮೊದಲ ಗೇಮ್ ಬಾಯ್, ಅಂದರೆ ಡಿಎಂಜಿ-01 ಎಂಬ ಮಾದರಿ ಸಂಖ್ಯೆಯ ಬೂದು ಬಣ್ಣದ ದಪ್ಪ ಯಂತ್ರ, ಹಳೆಯ ಗೇಮ್ ಕನ್ಸೋಲ್‌ಗಳ ಪೈಕಿ ಮನೆಯಲ್ಲೇ ದುರಸ್ತಿ ಮಾಡಲು ಬಹಳ ಅನುಕೂಲವಾದದ್ದು. ಅದೂ ಅದರ ನಂತರ ಬಂದ ಗೇಮ್ ಬಾಯ್ ಕಲರ್ ಕೂಡ ಸೇರಿ 11.8 ಕೋಟಿಗೂ ಹೆಚ್ಚು ಮಾರಾಟವಾಗಿರುವುದರಿಂದ, ಕೆಟ್ಟು ಮೂಲೆ ಸೇರಿದ ಯಂತ್ರಗಳಿಗೆ ಇಂದಿಗೂ ಬರವಿಲ್ಲ. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಇದರ ಒಳಗಿನ ರಚನೆ ಮುಂಭಾಗ ಮತ್ತು ಹಿಂಭಾಗ ಎಂದು ಎರಡು ಹೋಳಾಗಿದ್ದು, ಒಂದೇ ಒಂದು ತಂತಿಪಟ್ಟಿ ಅವೆರಡನ್ನೂ ಜೋಡಿಸುತ್ತದೆ. ಆ ಪಟ್ಟಿಯನ್ನು ಕೈಯಿಂದಲೇ ಕಳಚಿ ಮತ್ತೆ ಸಿಕ್ಕಿಸಬಹುದು. ಆದ್ದರಿಂದ ಎರಡು ಕೆಟ್ಟ ಯಂತ್ರಗಳು ಕೈಯಲ್ಲಿದ್ದರೆ, ದೋಷ ಎಲ್ಲಿದೆ ಎಂಬುದನ್ನು ಬೆಸುಗೆಯ ಗೋಜಿಗೆ ಹೋಗದೆಯೇ ಬಹುಮಟ್ಟಿಗೆ ಪತ್ತೆ ಹಚ್ಚಬಹುದು. ಈ ಬರಹದಲ್ಲಿ ಅನುಸರಿಸಿರುವ ಕ್ರಮವೂ ಅದೇ: ಮೊದಲು ಅದಲುಬದಲು ಮಾಡಿ ಪರೀಕ್ಷಿಸುವುದು, ಆಮೇಲೆ ಶುಚಿಗೊಳಿಸುವುದು, ಇವೆರಡರಿಂದಲೂ ಆಗದಿದ್ದಾಗ ಮಾತ್ರ ಸೋಲ್ಡರಿಂಗ್ ಐರನ್ ಎಂಬ ಬೆಸುಗೆ ಕಡ್ಡಿಯನ್ನು ಕೈಗೆತ್ತಿಕೊಳ್ಳುವುದು.

ಬಿಡಿಭಾಗಕ್ಕಾಗಿ ಯಂತ್ರವನ್ನು ಆರಿಸುವುದು

ಬಿಡಿಭಾಗಕ್ಕೆಂದು ತರುವ ಯಂತ್ರದ ಅಂದಚಂದ ಮುಖ್ಯವಲ್ಲ. ಹೊರಕವಚ ಒಡೆದಿದ್ದರೂ, ಸೆಲ್ ಮುಚ್ಚಳ ಕಳೆದುಹೋಗಿದ್ದರೂ, ಪರದೆಯ ಮೇಲಿನ ಪ್ಲಾಸ್ಟಿಕ್ ಹಾಳೆ ಗೀಚಿ ಮಬ್ಬಾಗಿದ್ದರೂ ಚಿಂತೆಯಿಲ್ಲ. ಅಂಥ ಯಂತ್ರದ ಒಳಭಾಗಗಳು ಅನೇಕ ಬಾರಿ ಸುಸ್ಥಿತಿಯಲ್ಲಿರುತ್ತವೆ. ನೀವು ನೋಡಬೇಕಾದದ್ದು ಗಾಜನ್ನು. ಪರದೆಯೊಳಗೆ ಶಾಯಿ ಚೆಲ್ಲಿದ ಹಾಗೆ ಕಪ್ಪು ಹರಡಿದ್ದರೆ ಗಾಜು ಒಡೆದು ದ್ರವಸ್ಫಟಿಕ ಹೊರಬಂದಿದೆ ಎಂದರ್ಥ, ಅದಕ್ಕೆ ಮದ್ದಿಲ್ಲ. ಬಿಸಿಲಿಗೆ ಸಿಕ್ಕಿ ನಡುವೆ ಕಂದು ಅಥವಾ ಕಪ್ಪು ಮಚ್ಚೆ ಬಿದ್ದಿದ್ದರೆ ಮಾತ್ರ ಕೆಟ್ಟಿರುವುದು ಗಾಜಲ್ಲ, ಅದಕ್ಕೆ ಅಂಟಿಸಿರುವ, ಬೆಳಕನ್ನು ಸೋಸುವ ಧ್ರುವಕ (ಪೋಲರೈಸರ್) ಹಾಳೆ. ತಾಳ್ಮೆಯಿರುವವರು ಆ ಹಾಳೆಯನ್ನು ಕಿತ್ತು ಹೊಸದನ್ನು ಅಂಟಿಸಿಕೊಳ್ಳಬಹುದು. ಪರದೆಯಲ್ಲಿ ಕೆಲವು ಗೆರೆಗಳು ಮಾತ್ರ ಕಾಣೆಯಾಗಿದ್ದರೆ ಅದು ಬಹುತೇಕ ಸರಿಹೋಗುವ ದೋಷ.

ಡಿಎಂಜಿ-01 ಯಾವ ದೇಶದಲ್ಲಿ ಮಾರಾಟವಾದದ್ದಾದರೂ ಒಳಭಾಗಗಳು ಒಂದಕ್ಕೊಂದು ಹೊಂದುತ್ತವೆ. 1995ರಲ್ಲಿ ಕೆಂಪು, ಹಳದಿ, ಹಸಿರು, ಪಾರದರ್ಶಕ ಕವಚಗಳಲ್ಲಿ ಬಂದ ಯಂತ್ರಗಳ ಒಳಗೂ ಇದೇ ರಚನೆಯಿದೆ. ಆದರೆ 1996ರ ಗೇಮ್ ಬಾಯ್ ಪಾಕೆಟ್ ಬೇರೆಯೇ ಯಂತ್ರ. ಅದರ ಪರದೆಯಾಗಲಿ, ಬೋರ್ಡಾಗಲಿ ಇದಕ್ಕೆ ಕೂಡುವುದಿಲ್ಲ. ಇನ್ನೊಂದು ಮಾತು: ಬಿಡಿಭಾಗಕ್ಕೆಂದು ತಂದ ಯಂತ್ರವೇ ಬರಿಯ ಶುಚಿಗೊಳಿಸುವಿಕೆಯಿಂದ ಜೀವ ಪಡೆಯುವಂತಿದ್ದರೆ ಅದನ್ನು ಕೊಯ್ಯಬೇಡಿ. ಅದನ್ನು ಸರಿಪಡಿಸಿಕೊಂಡು, ಹೆಚ್ಚು ಹಾಳಾಗಿರುವುದನ್ನೇ ಬಿಡಿಭಾಗಕ್ಕೆ ಇಟ್ಟುಕೊಳ್ಳುವುದು ನ್ಯಾಯ.

ಬೇಕಾಗುವ ಸಾಮಗ್ರಿ ಹೆಚ್ಚೇನಿಲ್ಲ. ಹೊರಕವಚಕ್ಕೆ ಮೂರು ರೆಕ್ಕೆಯ ತಲೆಗೆ ಹೊಂದುವ ಟ್ರೈವಿಂಗ್ ಸ್ಕ್ರೂಡ್ರೈವರ್, ಒಳಗಿನ ಬೋರ್ಡುಗಳಿಗೆ ಸಣ್ಣ ಸ್ಟಾರ್ ಸ್ಕ್ರೂಡ್ರೈವರ್, ಮಲ್ಟಿಮೀಟರ್, ಉಷ್ಣತೆಯನ್ನು ಹೊಂದಿಸಬಹುದಾದ ಸೋಲ್ಡರಿಂಗ್ ಐರನ್, ಬೆಸುಗೆ ತಂತಿ, ಬೆಸುಗೆ ಚೆನ್ನಾಗಿ ಹರಡಲು ಹಚ್ಚುವ ಫ್ಲಕ್ಸ್, ಬೆಸುಗೆ ಹೀರುವ ತಾಮ್ರದ ಜಾಲರಿ, ಹತ್ತಿಕಡ್ಡಿಗಳು, ಹಳೆಯ ಹಲ್ಲುಜ್ಜುವ ಬ್ರಷ್, ಬಿಳಿ ವಿನಿಗರ್, ಶೇಕಡ 90ಕ್ಕಿಂತ ಹೆಚ್ಚು ಸಾಂದ್ರತೆಯ ಐಸೊಪ್ರೊಪೈಲ್ ಆಲ್ಕೊಹಾಲ್ ಇದ್ದರೆ ಸಾಕು. ಟ್ರೈವಿಂಗ್ ಇಲ್ಲವೆಂದು ಚಪ್ಪಟೆ ಸ್ಕ್ರೂಡ್ರೈವರ್‌ನಿಂದ ಒತ್ತಾಯ ಮಾಡಿದರೆ ಸ್ಕ್ರೂವಿನ ತಲೆ ಸವೆದು, ಕೆಲಸ ಶುರುವಾಗುವ ಮುನ್ನವೇ ನಿಲ್ಲುತ್ತದೆ.

ಬಿಚ್ಚುವ ಕ್ರಮ

ಕಾರ್ಟ್ರಿಜ್ (ಆಟವಿರುವ ಪ್ಲಾಸ್ಟಿಕ್ ಡಬ್ಬಿ) ಮತ್ತು ಸೆಲ್‌ಗಳನ್ನು ತೆಗೆದು, ಯಂತ್ರವನ್ನು ಬೋರಲು ಹಾಕಿ, ಆರು ಸ್ಕ್ರೂಗಳನ್ನು ಬಿಚ್ಚಬೇಕು. ನಾಲ್ಕು ಬೆನ್ನ ಮೇಲೆ ಕಾಣುತ್ತವೆ. ಉಳಿದ ಎರಡು ಸೆಲ್ ಕೂರಿಸುವ ಗೂಡಿನೊಳಗಿರುವುದರಿಂದ ಕಣ್ಣು ತಪ್ಪುವುದುಂಟು. ಎಲ್ಲ ಸ್ಕ್ರೂಗಳು ಬಂದ ಮೇಲೂ ಎರಡು ಹೋಳುಗಳನ್ನು ಒಮ್ಮೆಲೇ ಎಳೆದು ಬೇರ್ಪಡಿಸಬಾರದು. ಪುಸ್ತಕವನ್ನು ತೆರೆದಂತೆ ನಿಧಾನವಾಗಿ ಅಗಲಿಸಿದರೆ ನಡುವೆ ತಂತಿಪಟ್ಟಿ ಕಾಣಿಸುತ್ತದೆ. ಅದನ್ನು ಹಿಂಬದಿಯ ಬೋರ್ಡಿನ ಸಾಕೆಟ್‌ನ ಹತ್ತಿರ, ಎರಡೂ ಅಂಚುಗಳಲ್ಲಿ ಸಮನಾಗಿ ಹಿಡಿದು ನೇರವಾಗಿ ಎಳೆಯಿರಿ; ಒಂದು ಮೂಲೆಯಿಂದ ಎಳೆದರೆ ಪಟ್ಟಿಯ ತುದಿ ಮಡಚಿಕೊಂಡು ಒಳಗಿನ ಗೆರೆಗಳು ತುಂಡಾಗುತ್ತವೆ. ಬಿಚ್ಚಿದ ಪ್ರತಿಯೊಂದು ಹಂತದ ಚಿತ್ರವನ್ನು ಫೋನಿನಲ್ಲಿ ತೆಗೆದಿಟ್ಟುಕೊಂಡರೆ ಮರುಜೋಡಣೆಯಲ್ಲಿ ತಡಕಾಡಬೇಕಾಗುವುದಿಲ್ಲ. ಬೋರ್ಡನ್ನು ಮುಟ್ಟುವ ಮೊದಲು ನೆಲಕ್ಕೆ ಸಂಪರ್ಕವಿರುವ ಯಾವುದಾದರೂ ಲೋಹವನ್ನು ಮುಟ್ಟಿ ಮೈಮೇಲಿನ ಸ್ಥಾಯಿ ವಿದ್ಯುತ್ತನ್ನು ಕಳೆದುಕೊಳ್ಳುವುದು ಒಳ್ಳೆಯದು.

ದೋಷ ಯಾವ ಹೋಳಿನಲ್ಲಿದೆ?

ಮುಂದಿನ ಹೋಳಿನಲ್ಲಿ ಪರದೆ, ಗುಂಡಿಗಳು, ಸ್ಪೀಕರ್ ಮತ್ತು ಕೆಂಪು ದೀಪ ಇವೆ. ಹಿಂದಿನ ಹೋಳಿನಲ್ಲಿ ಪ್ರೊಸೆಸರ್, ತಲಾ 8 ಕಿಲೋಬೈಟ್‌ನ ಎರಡು ಮೆಮೊರಿ ಚಿಪ್‌ಗಳು, ಕಾರ್ಟ್ರಿಜ್ ಸಾಕೆಟ್, ಪವರ್ ಸ್ವಿಚ್, ಸದ್ದು ಮತ್ತು ಕಾಂಟ್ರಾಸ್ಟ್ ಹೊಂದಿಸುವ ಚಕ್ರಗಳು, ವಿದ್ಯುತ್ತನ್ನು ಮಾರ್ಪಡಿಸುವ ಚಿಕ್ಕ ಬೋರ್ಡು ಇವೆ. ಈ ಹಂಚಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಕೆಟ್ಟ ಯಂತ್ರದ ಮುಂದಿನ ಹೋಳಿಗೆ ಬಿಡಿಭಾಗದ ಯಂತ್ರದ ಹಿಂದಿನ ಹೋಳನ್ನು ತಂತಿಪಟ್ಟಿಯ ಮೂಲಕ ಜೋಡಿಸಿ ಚಾಲೂ ಮಾಡಿ. ಆಮೇಲೆ ಉಳಿದೆರಡು ಹೋಳುಗಳನ್ನೂ ಹಾಗೆಯೇ ಜೋಡಿಸಿ ನೋಡಿ. ದೋಷ ಯಾವ ಹೋಳಿನ ಜೊತೆ ಹೋಗುತ್ತದೋ ಅಲ್ಲಿಯೇ ಹುಡುಕಬೇಕು.

ಈ ಪರೀಕ್ಷೆಗೆ ಕಾರ್ಟ್ರಿಜ್ ಕೂಡ ಬೇಕಾಗಿಲ್ಲ. ಪ್ರೊಸೆಸರ್‌ನೊಳಗೆ 256 ಬೈಟ್‌ನ ಒಂದು ಆರಂಭಿಕ ಪ್ರೋಗ್ರಾಮ್ ಇದೆ. ಅದು ಕಾರ್ಟ್ರಿಜ್‌ನಲ್ಲಿರುವ ನಿಂಟೆಂಡೊ ಲಾಂಛನವನ್ನು ಓದಿ, ಪರದೆಯ ಮೇಲಿನಿಂದ ಕೆಳಕ್ಕೆ ಇಳಿಸಿ, ‘ಟಿಂಗ್’ ಎಂಬ ಸದ್ದು ಮಾಡಿ, ಆ ಬಳಿಕವಷ್ಟೇ ಲಾಂಛನ ಸರಿಯಾಗಿದೆಯೇ ಎಂದು ತಾಳೆ ನೋಡುತ್ತದೆ. ಕಾರ್ಟ್ರಿಜ್ ಇಲ್ಲದಿದ್ದರೆ ಲಾಂಛನದ ಜಾಗದಲ್ಲಿ ಒಂದು ಕಪ್ಪು ಪಟ್ಟಿ ಇಳಿದುಬಂದು ಅಲ್ಲಿಯೇ ನಿಲ್ಲುತ್ತದೆ. ಹಾಗಾಗಿ ಖಾಲಿ ಯಂತ್ರದಲ್ಲಿ ಕಪ್ಪು ಪಟ್ಟಿಯೂ ‘ಟಿಂಗ್’ ಸದ್ದೂ ಬಂದರೆ ವಿದ್ಯುತ್ ಪೂರೈಕೆ, ಪ್ರೊಸೆಸರ್, ಪರದೆ, ಸ್ಪೀಕರ್ ನಾಲ್ಕೂ ಕೆಲಸ ಮಾಡುತ್ತಿವೆ ಎಂದು ಒಂದೇ ಏಟಿಗೆ ತಿಳಿದುಬಿಡುತ್ತದೆ. ಕಾರ್ಟ್ರಿಜ್ ಹಾಕಿದ ಮೇಲೂ ಕಪ್ಪು ಪಟ್ಟಿಯೇ ಬಂದರೆ, ಅಥವಾ ಲಾಂಛನ ಚಿಂದಿಯಾಗಿ ಕಂಡರೆ, ಸಂಶಯ ಪಡಬೇಕಾದದ್ದು ಕಾರ್ಟ್ರಿಜ್ ಅಂಚಿನ ಮತ್ತು ಸಾಕೆಟ್‌ನ 32 ಸಂಪರ್ಕಗಳನ್ನು. ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಕಾರ್ಟ್ರಿಜ್‌ನ ಅಂಚನ್ನು ಒರೆಸಿ, ಅದು ಇನ್ನೂ ಒದ್ದೆಯಿರುವಾಗಲೇ ನಾಲ್ಕಾರು ಬಾರಿ ಸಾಕೆಟ್‌ಗೆ ಹಾಕಿ ತೆಗೆದರೆ ಎರಡೂ ಕಡೆಯ ಕೊಳೆ ಬಿಡುತ್ತದೆ. ಆಲ್ಕೊಹಾಲ್ ಪೂರ್ತಿ ಆರಿದ ಮೇಲೆಯೇ ಯಂತ್ರವನ್ನು ಚಾಲೂ ಮಾಡಬೇಕು. ಬಾಯಿಂದ ಊದುವ ಹಳೆಯ ಅಭ್ಯಾಸವನ್ನು ಬಿಡುವುದು ಮೇಲು. ಉಸಿರಿನ ತೇವ ಕಾಲಾಂತರದಲ್ಲಿ ಸಂಪರ್ಕಗಳನ್ನು ಇನ್ನಷ್ಟು ಕೆಡಿಸುತ್ತದೆ.

ಅಲುಗಾಡಿಸಿದರೆ ಯಂತ್ರ ಆರಿಹೋಗುವುದು, ತಾನಾಗಿಯೇ ಮತ್ತೆ ಶುರುವಾಗುವುದು, ಪರದೆ ಮಂಕಾಗುವುದು ಇವಕ್ಕೆಲ್ಲ ಸಾಮಾನ್ಯವಾಗಿ ಕಾರಣ ಪವರ್ ಸ್ವಿಚ್‌ನೊಳಗಿನ ಕೊಳೆ. ಸ್ವಿಚ್‌ನ ಸಂದಿಗೆ ಎರಡು ಮೂರು ಹನಿ ಆಲ್ಕೊಹಾಲ್ ಬಿಟ್ಟು, ಸೆಲ್ ಇಲ್ಲದೆಯೇ, ಹಲವಾರು ಬಾರಿ ಅತ್ತಿಂದಿತ್ತ ಸರಿಸಿ. ಇಷ್ಟರಿಂದಲೇ ಸರಿಹೋಗುವ ಯಂತ್ರಗಳಿಗೆ ಜನ ಹೊಸ ಬೋರ್ಡು ಹುಡುಕುತ್ತಾ ಕೂರುವುದನ್ನು ಕಂಡರೆ ಅಯ್ಯೋ ಎನಿಸುತ್ತದೆ.

ಸೋರಿದ ಸೆಲ್‌ಗಳ ಕಿಲುಬು

ಈ ಯಂತ್ರಗಳನ್ನು ಹೆಚ್ಚಾಗಿ ಕೊಲ್ಲುವುದು ವರ್ಷಗಟ್ಟಲೆ ಒಳಗೇ ಉಳಿದ ನಾಲ್ಕು ಎಎ ಸೆಲ್‌ಗಳು. ಆಲ್ಕಲೈನ್ ಸೆಲ್‌ನಿಂದ ಸೋರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ. ಅದು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಬಿಳಿಯ ಪುಡಿಯಾಗಿ ಗಟ್ಟಿಗೊಳ್ಳುತ್ತದೆ. ಕ್ಷಾರವನ್ನು ಕಳೆಯಲು ಆಮ್ಲವೇ ಬೇಕಾದ್ದರಿಂದ ವಿನಿಗರ್ ಬಳಸುತ್ತೇವೆ. ಅಗ್ಗದ ಜಿಂಕ್-ಕಾರ್ಬನ್ ಸೆಲ್‌ನ ಸೋರಿಕೆ ಮಾತ್ರ ಆಮ್ಲೀಯವಾಗಿರುವುದರಿಂದ ಅಲ್ಲಿ ಅಡುಗೆ ಸೋಡಾ ಬೆರೆಸಿದ ನೀರು ಬೇಕು. ಸೆಲ್ ಇನ್ನೂ ಗೂಡಿನಲ್ಲೇ ಇದ್ದರೆ ಅದರ ಮೇಲಿನ ಹೆಸರು ನೋಡಿ ನಿರ್ಧರಿಸಿ. ಇಲ್ಲದಿದ್ದರೆ ಒಂದು ಹನಿ ವಿನಿಗರ್ ಹಾಕಿ ನೋಡಿ, ನೊರೆ ಬಂದರೆ ಅದು ಕ್ಷಾರ.

ಕೈಗವಸು ಮತ್ತು ಕನ್ನಡಕ ಹಾಕಿಕೊಂಡು, ಮೊದಲು ಒಣಪುಡಿಯನ್ನು ಬ್ರಷ್‌ನಿಂದ ಉದುರಿಸಿ. ಬಳಿಕ ವಿನಿಗರ್ ತಾಗಿಸಿದ ಹತ್ತಿಕಡ್ಡಿಯಿಂದ ನೊರೆ ನಿಲ್ಲುವವರೆಗೆ ಒರೆಸಿ, ಬಟ್ಟಿ ಇಳಿಸಿದ ನೀರಿನಿಂದ ತೊಳೆದು, ಕೊನೆಗೆ ಆಲ್ಕೊಹಾಲಿನಿಂದ ಒರೆಸಿ ಒಣಗಿಸಬೇಕು. ವಿನಿಗರ್ ಅನ್ನು ಬೋರ್ಡಿನ ಮೇಲೆ ಸುರಿಯಬಾರದು, ಅದನ್ನು ಅಲ್ಲಿಯೇ ಉಳಿಯಲೂ ಬಿಡಬಾರದು. ಉಳಿದ ಆಮ್ಲವೂ ತಾಮ್ರವನ್ನು ತಿನ್ನುತ್ತದೆ. ಹಸಿರು ಅಥವಾ ನೀಲಿ ಕಿಲುಬು ಕಾಣಿಸಿದ ಕಡೆ ತಾಮ್ರದ ಗೆರೆ ಸವೆದಿರಬಹುದೆಂದು ತಿಳಿದು, ಸೆಲ್‌ನ ತಗಡಿನಿಂದ ಪವರ್ ಸ್ವಿಚ್‌ವರೆಗಿನ ಸಂಪರ್ಕವನ್ನು ಮಲ್ಟಿಮೀಟರ್‌ನ ಬೀಪ್ ಪರೀಕ್ಷೆಯಿಂದ ನೋಡಿ. ಗೆರೆ ತುಂಡಾಗಿದ್ದರೆ ಎರಡು ತುದಿಗಳ ನಡುವೆ ತೆಳುವಾದ ಪ್ಲಾಸ್ಟಿಕ್ ಹೊದಿಕೆಯ ತಂತಿಯನ್ನು ಬೆಸೆದರೆ ಸಾಕು. ಅದಕ್ಕಾಗಿ ಇಡೀ ಬೋರ್ಡನ್ನು ಬಿಸಾಡಬೇಕಿಲ್ಲ.

ತಗಡು ಮತ್ತು ಸ್ಪ್ರಿಂಗ್‌ಗಳ ಮೇಲಿನ ಲೇಪ ಸುಲಿದು ಕಪ್ಪಗಾಗಿದ್ದರೆ ಅವುಗಳನ್ನು ಉಜ್ಜಿ ಹೊಳಪು ತರುವುದರಿಂದ ಹೆಚ್ಚು ದಿನ ಬಾಳಿಕೆ ಬರುವುದಿಲ್ಲ. ಬಿಡಿಭಾಗದ ಯಂತ್ರದ ತಗಡುಗಳು ಚೆನ್ನಾಗಿದ್ದರೆ ಅವನ್ನೇ ತೆಗೆದು ಹಾಕುವುದು ಸರಿ. ಕವಚಕ್ಕೆ ಸಿಕ್ಕಿಸಿರುವವು ಜಾರಿಸಿದರೆ ಬರುತ್ತವೆ; ಬೋರ್ಡಿಗೆ ಬೆಸೆದಿರುವವನ್ನು ಬಿಡಿಸಲು ಬಿಸಿ ಬೇಕು. ದಪ್ಪ ಲೋಹ ಶಾಖವನ್ನು ಹೀರುವುದರಿಂದ ಅಗಲವಾದ ತುದಿಯ ಐರನ್ ಬಳಸಿ.

ವಿದ್ಯುತ್ ಬೋರ್ಡನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಸಾಗಿಸುವುದು

ಕೆಂಪು ದೀಪ ಉರಿಯುತ್ತದೆ, ಆದರೆ ಪರದೆ ಖಾಲಿ, ಸದ್ದೂ ಇಲ್ಲ ಎಂದಾಗ ಸಾಮಾನ್ಯವಾಗಿ ಬೆರಳು ತೋರಿಸಬೇಕಾದದ್ದು ಹಿಂದಿನ ಹೋಳಿನಲ್ಲಿ ಬೆಸೆದು ನಿಲ್ಲಿಸಿರುವ ಚಿಕ್ಕ ವಿದ್ಯುತ್ ಬೋರ್ಡಿನ ಕಡೆಗೆ. ಸೆಲ್‌ಗಳ 6 ವೋಲ್ಟನ್ನು ಅದು ಚಿಪ್‌ಗಳಿಗೆ ಬೇಕಾದ 5 ವೋಲ್ಟ್‌ಗೂ, ಪರದೆಯ ದ್ರವಸ್ಫಟಿಕಕ್ಕೆ ಬೇಕಾದ ಸುಮಾರು 19 ವೋಲ್ಟ್ ಋಣ ವಿದ್ಯುತ್ತಿಗೂ ಮಾರ್ಪಡಿಸುತ್ತದೆ. ಮಲ್ಟಿಮೀಟರ್‌ನ ಕಪ್ಪು ಕಡ್ಡಿಯನ್ನು ಸೆಲ್ ಗೂಡಿನ ಋಣ ತಗಡಿಗೆ ಇಟ್ಟು, ಕೆಂಪು ಕಡ್ಡಿಯಿಂದ ಅದರ ಕಾಲುಗಳನ್ನು ಒಂದೊಂದಾಗಿ ಅಳೆಯಿರಿ. 5 ವೋಲ್ಟ್ ಸರಿಯಿದ್ದು ಋಣ ವಿದ್ಯುತ್ ಮಾತ್ರ ಇಲ್ಲದಿದ್ದರೆ ಸದ್ದು ಬರುತ್ತದೆ, ಚಿತ್ರ ಬರುವುದಿಲ್ಲ. ಎರಡೂ ಇಲ್ಲದಿದ್ದರೆ ಎರಡೂ ಬರುವುದಿಲ್ಲ. ಅಳತೆಯನ್ನು ಮೊದಲು ಬಿಡಿಭಾಗದ ಯಂತ್ರದಲ್ಲಿಯೂ ಮಾಡಿ, ಅದರ ಬೋರ್ಡು ನಿಜವಾಗಿಯೂ ಸರಿಯಿದೆ ಎಂದು ಖಚಿತವಾದ ಮೇಲೆಯೇ ಬಿಡಿಸಲು ಹೊರಡಬೇಕು.

ಬಿಡಿಸುವಾಗಿನ ಗುಟ್ಟು, ಇರುವ ಬೆಸುಗೆಯನ್ನು ತೆಗೆಯುವ ಮುನ್ನ ಇನ್ನಷ್ಟು ಬೆಸುಗೆಯನ್ನು ಸೇರಿಸುವುದು. ಮೂವತ್ತು ವರ್ಷ ದಾಟಿದ ಬೆಸುಗೆ ಆಕ್ಸೈಡ್ ಕಟ್ಟಿ ಮಂದವಾಗಿರುತ್ತದೆ, ಬೇಗ ಕರಗುವುದಿಲ್ಲ. ಪ್ರತಿ ಕಾಲಿಗೂ ಫ್ಲಕ್ಸ್ ಹಚ್ಚಿ, 183 ಡಿಗ್ರಿಯಲ್ಲಿಯೇ ಕರಗುವ 63/37 ತವರ-ಸೀಸದ ತಂತಿಯನ್ನು ಸ್ವಲ್ಪ ಕರಗಿಸಿ ಬೆರೆಸಿದರೆ ಹಳೆಯದೂ ಹೊಳೆಯುತ್ತಾ ಸಡಿಲಗೊಳ್ಳುತ್ತದೆ. ಐರನ್‌ನ ಉಷ್ಣತೆ 320ರಿಂದ 350 ಡಿಗ್ರಿಯೊಳಗಿರಲಿ. ಆಮೇಲೆ ತಾಮ್ರದ ಜಾಲರಿಯನ್ನು ಕಾಲಿನ ಮೇಲಿಟ್ಟು ಐರನ್‌ನಿಂದ ಒತ್ತಿ. ಬೆಸುಗೆ ಜಾಲರಿಯೊಳಗೆ ಏರಿ ಅದು ಬೆಳ್ಳಿಯ ಬಣ್ಣಕ್ಕೆ ತಿರುಗುವುದು ಕಾಣುತ್ತದೆ. ಜಾಲರಿಯನ್ನೂ ಐರನ್ ಅನ್ನೂ ಒಟ್ಟಿಗೇ ಎತ್ತಬೇಕು. ಐರನ್ ಮೊದಲು ತೆಗೆದರೆ ಜಾಲರಿ ಹೆಪ್ಪುಗಟ್ಟಿ ಅಂಟಿಕೊಂಡು, ಎಳೆದಾಗ ತಾಮ್ರದ ಬಿಲ್ಲೆಯೇ ಕಿತ್ತು ಬರುತ್ತದೆ. ಒಂದು ಕಾಲಿಗೆ ಮೂರು ನಾಲ್ಕು ಸೆಕೆಂಡು ಸಾಕು; ಬರದಿದ್ದರೆ ತಣ್ಣಗಾಗಲು ಬಿಟ್ಟು ಮತ್ತೆ ಪ್ರಯತ್ನಿಸಿ. ಎಲ್ಲ ಕಾಲುಗಳೂ ರಂಧ್ರದಲ್ಲಿ ಅಲುಗಾಡುವಂತಾದ ಮೇಲೆ ಬೋರ್ಡು ಬೆರಳಿನ ಬಲಕ್ಕೇ ಮೇಲೆ ಬರಬೇಕು. ಬಲ ಹಾಕಬೇಕೆನಿಸಿತು ಎಂದರೆ ಎಲ್ಲೋ ಒಂದು ಕಾಲು ಇನ್ನೂ ಹಿಡಿದುಕೊಂಡಿದೆ.

ಸೀಸದ ಬೆಸುಗೆ ಮುಟ್ಟಿದ ಕೈಗಳನ್ನು ಸಾಬೂನಿನಿಂದ ತೊಳೆಯದೆ ಏನನ್ನೂ ತಿನ್ನಬಾರದು, ಮತ್ತು ಕೆಲಸ ಗಾಳಿಯಾಡುವ ಕಡೆ ನಡೆಯಬೇಕು.

ಇದೇ ವಿಧಾನದಿಂದ ಸದ್ದಿನ ಚಕ್ರ, ಪವರ್ ಸ್ವಿಚ್, ಕಾಂಟ್ರಾಸ್ಟ್ ಚಕ್ರಗಳನ್ನೂ ಸಾಗಿಸಬಹುದು. ಆದರೆ ಪ್ರೊಸೆಸರ್, ಮೆಮೊರಿ ಚಿಪ್‌ಗಳು ಮತ್ತು 32 ಕಾಲಿನ ಕಾರ್ಟ್ರಿಜ್ ಸಾಕೆಟ್ ವಿಷಯದಲ್ಲಿ ನನ್ನ ಸಲಹೆ ಬೇರೆ. ಅವು ಕೆಟ್ಟಿದ್ದರೆ ಬಿಡಿಭಾಗದ ಯಂತ್ರದ ಹಿಂದಿನ ಬೋರ್ಡನ್ನು ಇಡಿಯಾಗಿಯೇ ಹಾಕಿಕೊಳ್ಳಿ. ಅಷ್ಟೊಂದು ಕಾಲುಗಳನ್ನು ಬಿಡಿಸುವಾಗ ಎರಡೂ ಬೋರ್ಡುಗಳು ಕೆಡುವ ಸಂಭವವೇ ಹೆಚ್ಚು.

ಪರದೆಯ ಕಾಣೆಯಾದ ಗೆರೆಗಳು

ಪರದೆಯಲ್ಲಿ ಅಡ್ಡಲಾಗಿ 160, ಉದ್ದಕ್ಕೆ 144 ಚುಕ್ಕಿಗಳಿವೆ. ಒಂದೊಂದು ಕಂಬಸಾಲಿಗೂ ಗಾಜಿನ ಕೆಳ ಅಂಚಿನಲ್ಲಿ ಒಂದೊಂದು ಕೂದಲೆಳೆಯಷ್ಟು ಸಣ್ಣ ಸಂಪರ್ಕವಿದ್ದು, ಅದು ಪರದೆಯದ್ದೇ ಆದ ಇನ್ನೊಂದು ತಂತಿಪಟ್ಟಿಯ ಜೊತೆ ಶಾಖದಿಂದ ಅಂಟಿಕೊಂಡಿರುತ್ತದೆ. ಆ ಅಂಟು ಕಾಲಕ್ರಮೇಣ ಬಿಟ್ಟುಕೊಂಡಾಗ ಆ ಸಾಲು ಮೇಲಿಂದ ಕೆಳಗಿನವರೆಗೆ ಖಾಲಿಯಾಗುತ್ತದೆ. ಪರದೆ ಕೆಟ್ಟಿತೆಂದು ಬಿಸಾಡುವವರು ಹೆಚ್ಚು. ವಾಸ್ತವದಲ್ಲಿ ಅದನ್ನು ಮತ್ತೆ ಬಿಸಿಮಾಡಿ ಅಂಟಿಸಬಹುದು.

ಮುಂದಿನ ಬೋರ್ಡನ್ನು ಕವಚದಿಂದ ಬಿಚ್ಚಿ, ಹಿಂದಿನ ಹೋಳಿಗೆ ತಂತಿಪಟ್ಟಿ ಸಿಕ್ಕಿಸಿ, ಯಂತ್ರವನ್ನು ಚಾಲೂ ಇಟ್ಟುಕೊಂಡೇ ಈ ಕೆಲಸ ಮಾಡಬೇಕು. ಗೆರೆಗಳು ಮರಳುವುದು ಕಣ್ಣೆದುರೇ ಗೊತ್ತಾಗುತ್ತದೆ. ಕಾಂಟ್ರಾಸ್ಟ್ ಪೂರ್ತಿ ಹೆಚ್ಚಿಸಿದರೆ ಪರದೆ ಕಪ್ಪಾಗಿ, ಕಾಣೆಯಾದ ಸಾಲುಗಳು ಬಿಳಿಯಾಗಿ ಎದ್ದು ಕಾಣುತ್ತವೆ. ಗಾಜಿನ ಕೆಳಗಿರುವ ರಕ್ಷಣಾ ಪಟ್ಟಿಯನ್ನು ಮೆಲ್ಲಗೆ ಎಬ್ಬಿಸಿ. ಐರನ್‌ನ ತುದಿಯಲ್ಲಿ ಬೆಸುಗೆಯ ಲವಲೇಶವೂ ಇರದಂತೆ ಒರೆಸಿ, ಉಷ್ಣತೆಯನ್ನು 200 ಡಿಗ್ರಿಯ ಆಸುಪಾಸಿಗೆ ಇಳಿಸಿ, ಕಾಣೆಯಾದ ಸಾಲಿನ ನೇರಕ್ಕೆ ಪರದೆಯ ತಂತಿಪಟ್ಟಿ ಅಂಟಿರುವ ಜಾಗದ ಮೇಲೆ ಹಗುರವಾಗಿ ಎಡದಿಂದ ಬಲಕ್ಕೆ ಎಳೆಯಿರಿ. ನಿಲ್ಲಿಸಬೇಡಿ, ಒತ್ತಬೇಡಿ, ಗಾಜನ್ನು ಮುಟ್ಟಬೇಡಿ. ಸಾಲು ಮಿನುಗಿ ಕಾಣಿಸಿಕೊಂಡು ಮತ್ತೆ ಮಾಯವಾದರೆ, ಬಿಸಿಯಿರುವಾಗಲೇ ರಬ್ಬರಿನ ತುಂಡಿನಿಂದ ಮೆತ್ತಗೆ ಒತ್ತಿ ತಣಿಯಲು ಬಿಡಿ. ಕೆಲವೊಮ್ಮೆ ಒಂದು ಸಾಲು ಬರುವಷ್ಟರಲ್ಲಿ ಪಕ್ಕದ್ದು ಹೋಗುತ್ತದೆ. ಗಾಬರಿಯಾಗದೆ ಇಡೀ ಅಂಚಿನ ಮೇಲೆ ಮತ್ತೊಮ್ಮೆ ಎಳೆದರೆ ಎರಡೂ ಬರುತ್ತವೆ.

ಅಡ್ಡ ಸಾಲುಗಳು ಕಾಣೆಯಾದರೆ ದೋಷ ಪಕ್ಕದ ಅಂಚಿನಲ್ಲಿರುತ್ತದೆ, ಅದು ಇಷ್ಟು ಸುಲಭವಾಗಿ ಬಗ್ಗುವುದಿಲ್ಲ. ಅಂಥ ಸಂದರ್ಭದಲ್ಲಿ ಬಿಡಿಭಾಗದ ಯಂತ್ರದ ಮುಂದಿನ ಬೋರ್ಡನ್ನು ಪರದೆಯ ಸಮೇತ ಬದಲಿಸುವುದೇ ಜಾಣತನ. ಗಾಜನ್ನು ಮಾತ್ರ ಕಿತ್ತು ಇನ್ನೊಂದು ಬೋರ್ಡಿಗೆ ಸೇರಿಸುವ ಸಾಹಸಕ್ಕೆ ಇಳಿಯಬಾರದು.

ಸದ್ದು ಮತ್ತು ಗುಂಡಿಗಳು

ಹೆಡ್‌ಫೋನಿನಲ್ಲಿ ಸದ್ದು ಬಂದು ಸ್ಪೀಕರ್‌ನಲ್ಲಿ ಬಾರದಿದ್ದರೆ ಎರಡು ಸಾಧ್ಯತೆಗಳಿವೆ. ಹೆಡ್‌ಫೋನ್ ಸಿಕ್ಕಿಸಿದಾಗ ಸ್ಪೀಕರನ್ನು ಕಡಿಯುವ ಸಂಪರ್ಕ ಜ್ಯಾಕ್‌ನೊಳಗೇ ಇದೆ. ಅದು ಕೊಳೆಯಿಂದ ಹಾಗೆಯೇ ಸಿಕ್ಕಿಕೊಂಡಿರಬಹುದು. ಆಲ್ಕೊಹಾಲ್ ಹಾಕಿ ಪ್ಲಗ್ಗನ್ನು ಹಲವು ಬಾರಿ ಹಾಕಿ ತೆಗೆಯಿರಿ. ಆಗಲೂ ಬಾರದಿದ್ದರೆ ಸ್ಪೀಕರ್‌ನ ಎರಡು ತುದಿಗಳನ್ನು ಮಲ್ಟಿಮೀಟರ್‌ನಿಂದ ಅಳೆಯಿರಿ: ಸುಮಾರು 8 ಓಮ್ ತೋರಿಸಿದರೆ ಸರಿಯಿದೆ, ಏನೂ ತೋರಿಸದಿದ್ದರೆ ಒಳಗಿನ ಸುರುಳಿ ಕಡಿದಿದೆ. ಎರಡೇ ತಂತಿಗಳ ಬೆಸುಗೆ ಬಿಡಿಸಿ ಇನ್ನೊಂದು ಯಂತ್ರದ ಸ್ಪೀಕರನ್ನು ಹಾಕಬಹುದು.

ಗುಂಡಿಗಳು ಮೊಂಡಾಗಿದ್ದರೆ ಬೋರ್ಡಿನ ಕಪ್ಪು ಕಾರ್ಬನ್ ಬಿಲ್ಲೆಗಳನ್ನು ಆಲ್ಕೊಹಾಲಿನಿಂದ ಹಗುರವಾಗಿ ಒರೆಸಿ. ಕೆರೆದರೆ ಲೇಪ ಹೋಗುತ್ತದೆ. ರಬ್ಬರ್ ಹಾಳೆಯನ್ನು ಸಾಬೂನು ನೀರಿನಲ್ಲಿ ತೊಳೆದರೆ ಸಾಕು, ಹರಿದಿದ್ದರೆ ಇನ್ನೊಂದರದ್ದನ್ನು ಹಾಕಿ.

ಮರುಜೋಡಣೆ

ಒಂದು ಸಲಕ್ಕೆ ಒಂದೇ ಭಾಗವನ್ನು ಬದಲಿಸಿ, ಪ್ರತಿ ಬಾರಿಯೂ ಕವಚ ಮುಚ್ಚದೆಯೇ ಚಾಲೂ ಮಾಡಿ ನೋಡಬೇಕು. ವೋಲ್ಟೇಜ್ ಹೊಂದಿಸಬಹುದಾದ ಪವರ್ ಸಪ್ಲೈ ಇದ್ದವರು 6 ವೋಲ್ಟ್‌ಗೂ, ಕರೆಂಟ್ ಮಿತಿಯನ್ನು 300 ಮಿಲಿ ಆಂಪಿಯರ್‌ಗೂ ಇಟ್ಟು ಮೊದಲ ಪರೀಕ್ಷೆ ಮಾಡಿದರೆ, ಎಲ್ಲಾದರೂ ಶಾರ್ಟ್ ಉಳಿದಿದ್ದರೂ ಚಿಪ್‌ಗಳು ಸುಡುವ ಸಂಭವ ಕಡಿಮೆ. ಯಂತ್ರದ ಪಕ್ಕದ ಅಡಾಪ್ಟರ್ ತೂತಿಗೆ ಸಿಕ್ಕಿದ ಅಡಾಪ್ಟರನ್ನು ತುರುಕಬೇಡಿ: ಇದರ ನಡುವಿನ ಮೊಳೆ ಋಣ, ಇಂದಿನ ಬಹುತೇಕ ಅಡಾಪ್ಟರ್‌ಗಳದ್ದು ಧನ.

ತಂತಿಪಟ್ಟಿಯನ್ನು ಸಾಕೆಟ್‌ನಲ್ಲಿ ಓರೆಯಾಗದಂತೆ ಕೂರಿಸಿ, ಗುಂಡಿಗಳು, ಪವರ್ ಸ್ವಿಚ್‌ನ ಕೊಕ್ಕೆ ತಮ್ಮ ಜಾಗದಲ್ಲಿವೆಯೇ ಎಂದು ನೋಡಿ ಹೋಳುಗಳನ್ನು ಕೂಡಿಸಿ. ಹಳೆಯ ಪ್ಲಾಸ್ಟಿಕ್‌ಗೆ ಸ್ಕ್ರೂ ಹಾಕುವಾಗ ಮೊದಲು ಅದನ್ನು ಹಿಮ್ಮುಖವಾಗಿ ತಿರುಗಿಸಿ. ‘ಟಕ್’ ಎಂದು ಹಳೆಯ ಮರೆಗೆ (ಸ್ಕ್ರೂ ಕೂರುವ ಸುರುಳಿ ಜಾಡಿಗೆ) ಇಳಿದದ್ದು ಬೆರಳಿಗೆ ತಿಳಿಯುತ್ತದೆ, ಅಲ್ಲಿಂದ ಬಿಗಿಯಬೇಕು. ನೇರವಾಗಿ ಬಿಗಿದರೆ ಸ್ಕ್ರೂ ಹೊಸ ಮರೆಯನ್ನು ಕೊರೆದು ಪ್ಲಾಸ್ಟಿಕ್ ಕಂಬ ಸೀಳುತ್ತದೆ. ಹಳದಿಗಟ್ಟಿದ ಕವಚವನ್ನು ಹೈಡ್ರೋಜನ್ ಪೆರಾಕ್ಸೈಡ್‌ನಿಂದ ಬಿಳುಪಾಗಿಸುವ ಪದ್ಧತಿಯೂ ಇದೆ, ಆದರೆ ಅದು ದುರಸ್ತಿಯ ಭಾಗವಲ್ಲ; ಬಣ್ಣ ಮತ್ತೆ ಮರಳುವುದೂ ಉಂಟು.

ಬಿಡಿಭಾಗದ ಯಂತ್ರದಲ್ಲಿ ಉಳಿದದ್ದನ್ನು ಸೆಲ್ ತೆಗೆದು, ತಂತಿಪಟ್ಟಿಗಳು ಮಡಚದಂತೆ ಪೆಟ್ಟಿಗೆಯಲ್ಲಿಟ್ಟು, ಯಾವ ಭಾಗ ಕೆಲಸ ಮಾಡುತ್ತಿತ್ತು, ಯಾವುದನ್ನು ಈಗಾಗಲೇ ತೆಗೆದಾಗಿದೆ ಎಂಬುದನ್ನು ಚೀಟಿಯಲ್ಲಿ ಬರೆದು ಜೊತೆಯಲ್ಲೇ ಹಾಕಿಡಿ.